ಸ್ಪೋರ್ಟ್ಸ್ ಕಾರು ಕೊಳ್ಳುವ ಲೆಕ್ಕ

ನೋಟ್ ಪುಸ್ತಕದ ಕೊನೆಯ ಹಾಳೆಗಳಲ್ಲಿ ಮಕ್ಕಳು ಏನೇನು ಬರೆದಿರುತ್ತಾರೆಂಬುದು ಎಲ್ಲ ಮೇಷ್ಟ್ರುಗಳಿಗೂ ಗೊತ್ತು. ಕಳೆದ ತಿಂಗಳು ಒಂಬತ್ತನೇ ತರಗತಿಯ ಹುಡುಗನೊಬ್ಬನ ತಂದೆ ಅಂಥದೊಂದು ಪುಸ್ತಕವನ್ನು ಹಿಡಿದು, ಮಗನನ್ನೂ ಕರೆದುಕೊಂಡು ಸ್ಟಾಫ್ ರೂಮಿಗೆ ಬಂದರು. "ನೋಡಿ ಮೇಷ್ಟ್ರೇ, ವಿಜ್ಞಾನದ ಪುಸ್ತಕದಲ್ಲಿ ಇವನು ಬರೆಯೋದು ಇದನ್ನ. ಸ್ವಲ್ಪ ಬುದ್ಧಿ ಹೇಳಿ."

ನಾಲ್ಕು ಪುಟದ ತುಂಬ ಸ್ಪೋರ್ಟ್ಸ್ ಕಾರುಗಳ ಪಟ್ಟಿ. ಹೆಸರು, ಅಶ್ವಶಕ್ತಿ, ಗರಿಷ್ಠ ವೇಗ. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಒಂದು ಪ್ರಶ್ನೆ: 'ದಿನಾ ಓಡಿಸಲು, ಇಪ್ಪತ್ತು ವರ್ಷ ಇಟ್ಟುಕೊಳ್ಳಲು ಯಾವುದು?' ಉತ್ತರವಾಗಿ ಫೆರಾರಿ ಎಫ್ 355ರ ಮುಂದೆ ಕೆಂಪು ಶಾಯಿಯ ಗುರುತು.

ಹುಡುಗ ತಲೆ ತಗ್ಗಿಸಿ ನಿಂತಿದ್ದ. ಪಟ್ಟಿಯನ್ನು ಹರಿದು ಹಾಕುವುದು ಸುಲಭವಿತ್ತು. ಆದರೆ ಪ್ರಶ್ನೆ ನಿಜಕ್ಕೂ ಚೆನ್ನಾಗಿತ್ತು. ಕೊರತೆ ಇದ್ದದ್ದು ಕಾಲಮ್ಮುಗಳಲ್ಲಿ. "ಇನ್ನೆರಡು ಗೀಟು ಹಾಕೋ ಮರಿ" ಎಂದೆ. "ಒಂದರಲ್ಲಿ ಕಾರಿನ ತೂಕ ಬರಿ. ಇನ್ನೊಂದರಲ್ಲಿ ಟೈಮಿಂಗ್ ಬೆಲ್ಟ್ ಬದಲಾಯಿಸಲು ಏನೇನು ಬಿಚ್ಚಬೇಕು ಅನ್ನೋದನ್ನ ಬರಿ."

ಎರಡನೆಯದನ್ನು ಮೊದಲು ನೋಡೋಣ. ಎಂಜಿನ್ನಿನ ಕೆಳಗೆ ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ದಂಡ, ಮೇಲೆ ಕವಾಟಗಳನ್ನು ತೆರೆಯುವ ಕ್ಯಾಮ್ ದಂಡ. ಇವೆರಡೂ ತಾಳ ತಪ್ಪದಂತೆ ತಿರುಗಬೇಕು. ಅನೇಕ ಎಂಜಿನ್ನುಗಳಲ್ಲಿ ಈ ಕೆಲಸಕ್ಕೆ ಹಲ್ಲುಗಳಿರುವ ರಬ್ಬರ್ ಬೆಲ್ಟ್ ಇರುತ್ತದೆ. ಕಾರು ಓಡಲಿ, ಷೆಡ್ಡಿನಲ್ಲಿ ನಿಂತಿರಲಿ, ರಬ್ಬರಿಗೆ ವಯಸ್ಸಾಗುತ್ತದೆ. ಆದ್ದರಿಂದ ಇಷ್ಟು ಕಿಲೋಮೀಟರು ಅಥವಾ ಇಷ್ಟು ವರ್ಷ, ಯಾವುದು ಮೊದಲೋ ಆಗ ಬದಲಾಯಿಸಲೇಬೇಕು.

1994ರಲ್ಲಿ ಬಂದ ಎಫ್ 355 ನೋಡಲು ಬಲು ಸುಂದರ. ಎಂಟು ಸಿಲಿಂಡರು, ನಲವತ್ತು ಕವಾಟ, ಸುಮಾರು 380 ಅಶ್ವಶಕ್ತಿ. ಆದರೆ ಎಂಜಿನ್ ಇರುವುದು ಸೀಟುಗಳ ಹಿಂದೆ. ಬೆಲ್ಟಿನ ಭಾಗ ಹಿಂಬದಿಯ ಗೋಡೆಗೆ ಒತ್ತಿಕೊಂಡಿದೆ. ಕೈ ಹಾಕಲು ಜಾಗವಿಲ್ಲ. ಕೆಲವು ವರ್ಷಕ್ಕೊಮ್ಮೆ ಇಡೀ ಎಂಜಿನ್ನನ್ನು ಕಾರಿನಿಂದ ಕೆಳಗಿಳಿಸಿ ಬೆಲ್ಟ್ ಹಾಕಬೇಕು. ಬೆಲ್ಟಿನ ಬೆಲೆಗಿಂತ ಕೂಲಿಯೇ ದೊಡ್ಡದು. ಇಪ್ಪತ್ತು ವರ್ಷಕ್ಕೆ ಎಷ್ಟು ಸಲವಾಯಿತು, ಹುಡುಗನೇ ಲೆಕ್ಕ ಹಾಕಿದ.

ಅವನ ಪಟ್ಟಿಯ ತಳದಲ್ಲಿ, ಹೆಚ್ಚು ಗೌರವವಿಲ್ಲದೆ ಕೂತಿದ್ದ ಹೆಸರು ಮಾಜ್ದಾ ಎಂಎಕ್ಸ್-5. ನಮ್ಮವರಿಗೆ ಮಾಜ್ದಾ ಎಂದರೆ ಸ್ವರಾಜ್ ಮಾಜ್ದಾ ಮಿನಿಬಸ್ಸು ನೆನಪಾಗುತ್ತದೆ. ಈ ಪುಟ್ಟ ಕಾರನ್ನು ಆ ಕಂಪನಿ ಭಾರತದಲ್ಲಿ ಮಾರಲಿಲ್ಲ. 1979ರಲ್ಲಿ ಬಾಬ್ ಹಾಲ್ ಎಂಬ ಅಮೆರಿಕದ ಪತ್ರಕರ್ತ, ಮಾಜ್ದಾದ ಕೆನಿಚಿ ಯಾಮಾಮೊಟೊ ಅವರಿಗೆ ಹಳೆಯ ಇಂಗ್ಲಿಷ್ ಕಾರುಗಳಂಥ ಹಗುರವಾದ, ಎರಡೇ ಸೀಟಿನ ತೆರೆದ ಕಾರು ಮಾಡಿ ಎಂದು ಹೇಳಿದ್ದ. ಆ ಇಂಗ್ಲಿಷ್ ಕಾರುಗಳು ಓಡಿಸಲು ಮೋಜು. ಎಣ್ಣೆ ಸೋರುವುದಕ್ಕೂ ತುಕ್ಕು ಹಿಡಿಯುವುದಕ್ಕೂ ಅಷ್ಟೇ ಹೆಸರುವಾಸಿ. ಹತ್ತು ವರ್ಷಗಳ ನಂತರ, 1989ರ ಫೆಬ್ರವರಿಯಲ್ಲಿ ಷಿಕಾಗೊ ಪ್ರದರ್ಶನದಲ್ಲಿ ಎಂಎಕ್ಸ್-5 ಕಾಣಿಸಿಕೊಂಡಿತು. 1.6 ಲೀಟರ್ ಎಂಜಿನ್, 120ರ ಆಸುಪಾಸು ಅಶ್ವಶಕ್ತಿ. ಜಪಾನಿನಲ್ಲಿ ಮಾರಿದ ಕಾರಿನ ತೂಕ ಬರೀ 940 ಕೆ.ಜಿ.

ಈಗ ತೂಕದ ಕಾಲಮ್ಮು. ಚಲನಶಕ್ತಿಯ ಸೂತ್ರ ನಿಮಗೆ ಗೊತ್ತು: ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಬೇಕು. ಗಂಟೆಗೆ 100 ಕಿ.ಮೀ. ಎಂದರೆ ಸೆಕೆಂಡಿಗೆ 27.8 ಮೀಟರ್. ಆ ವೇಗದಲ್ಲಿ 940 ಕೆ.ಜಿ. ಕಾರಿನಲ್ಲಿರುವುದು ಸುಮಾರು 3.6 ಲಕ್ಷ ಜೂಲ್. ಖಾಲಿ ಫೆರಾರಿಯ 1350 ಕೆ.ಜಿ.ಗೆ 5.2 ಲಕ್ಷ. ಪ್ರತಿಸಲ ನಿಲ್ಲಿಸುವಾಗಲೂ ಇದಷ್ಟೂ ಬ್ರೇಕಿನಲ್ಲಿ ಶಾಖವಾಗಬೇಕು. ಹಗುರ ಕಾರಿಗೆ ಸಣ್ಣ ಬ್ರೇಕು, ಸಪೂರ ಟೈರು, ಸಣ್ಣ ಎಂಜಿನ್ ಸಾಕು. ಸವೆತವೂ ಕಡಿಮೆ, ಬದಲಿಸುವ ಖರ್ಚೂ ಕಡಿಮೆ. ತಿರುವಿನಲ್ಲಿ ಮೈ ಬಳುಕಿಸುವುದಕ್ಕೆ ವೇಗವೂ ಬೇಕಿಲ್ಲ. ಸಂತೋಷ 60 ಕಿ.ಮೀ.ಗೇ ಶುರುವಾಗುತ್ತದೆ, ಪೊಲೀಸರ ಹಂಗಿಲ್ಲ.

ಬೆಲ್ಟು? ಬಾನೆಟ್ ಎತ್ತಿದರೆ ಎಂಜಿನ್ನಿನ ಮುಂಭಾಗದಲ್ಲೇ ಇದೆ. ಎಂಜಿನ್ ಇಳಿಸುವ ಮಾತೇ ಇಲ್ಲ. ಅಕಸ್ಮಾತ್ ಬೆಲ್ಟು ಕಡಿದರೂ ಆ 1.6 ಲೀಟರ್ ಎಂಜಿನ್ನಿನಲ್ಲಿ ಪಿಸ್ಟನ್ನು ಕವಾಟಕ್ಕೆ ಬಡಿಯುವುದಿಲ್ಲ. ಕಾರು ದಾರಿಯಲ್ಲಿ ನಿಲ್ಲುತ್ತದೆ, ಅಷ್ಟೆ.

ದೋಷವೇ ಇಲ್ಲವೆಂದಲ್ಲ. ಮೂರನೆಯವರಿಗೆ ಜಾಗವಿಲ್ಲ. ಬಟ್ಟೆಯ ಚಾವಣಿಯ ಹಿಂದಿನ ಕಿಟಕಿ ಪ್ಲಾಸ್ಟಿಕ್ಕಿನದು; ಕೆಲವು ವರ್ಷಕ್ಕೆ ಮಂಜಾಗಿ ಸೀಳುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಒಂದು ಸಣ್ಣ ತೂತು. ಚಾವಣಿಯ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದಿನ ಕೊಳವೆಯಿಂದ ಕೆಳಗೆ ಹೋಗಬೇಕು. ಅಲ್ಲಿ ತರಗೆಲೆ ಕಟ್ಟಿಕೊಂಡರೆ ನೀರು ಒಳಗೇ ನಿಂತು ಬಾಗಿಲ ಕೆಳಗಿನ ತಗಡನ್ನು ತುಕ್ಕು ತಿನ್ನುತ್ತದೆ. ಹಳೆಯ ಎಂಎಕ್ಸ್-5 ಕೊಳ್ಳುವವರು ಎಂಜಿನ್ ಸದ್ದು ಕೇಳುವ ಮೊದಲು ಮಂಡಿಯೂರಿ ಅಲ್ಲಿ ನೋಡಬೇಕು. ವರ್ಷಕ್ಕೆರಡು ಸಲ ಆ ತೂತು ಶುಚಿ ಮಾಡಿದ ಮಾಲೀಕನ ಕಾರು ಬೇರೆ, ಮಾಡದವನ ಕಾರು ಬೇರೆ.

ಇಪ್ಪತ್ತು ವರ್ಷದ ಪ್ರಶ್ನೆಗೆ ಇನ್ನೊಂದು ಮುಖವಿದೆ: ಬಿಡಿಭಾಗ. ಹೆಚ್ಚು ಮಾರಾಟವಾದ ಕಾರಿಗೆ ಅದು ಸಿಗುತ್ತದೆ. 2016ರ ಏಪ್ರಿಲ್‌ನಲ್ಲಿ ಹತ್ತು ಲಕ್ಷದ ಎಂಎಕ್ಸ್-5 ತಯಾರಾಯಿತು. ಮೊದಲ ತಲೆಮಾರಿನ ಕಾರುಗಳನ್ನು ಜಪಾನಿನಲ್ಲಿ ಹೊಸದರಂತೆ ಮಾಡಿಕೊಡುವ ಸೇವೆಯನ್ನು ಮಾಜ್ದಾ 2017ರಲ್ಲಿ ಪ್ರಕಟಿಸಿತು; ನಿಂತುಹೋಗಿದ್ದ ಭಾಗಗಳನ್ನು ಮತ್ತೆ ತಯಾರಿಸಿತು. ಹಳೆಯ ಅಳತೆಯ, ಹಳೆಯ ವಿನ್ಯಾಸದ ಟೈರು ಕೂಡ ಮತ್ತೆ ಬಂತು.

ವಾರದ ನಂತರ ಹುಡುಗ ಪುಸ್ತಕ ತಂದ. ಕಾಲಮ್ಮುಗಳು ಆರಾಗಿದ್ದವು. ಫೆರಾರಿಯ ಕೆಂಪು ಗುರುತನ್ನು ಅಳಿಸಿರಲಿಲ್ಲ. ಪಕ್ಕದಲ್ಲಿ 'ನೋಡಲು' ಎಂದು ಬರೆದಿದ್ದ. "ಸಾರ್, ರಬ್ಬರ್ ಬದಲು ಚೈನ್ ಹಾಕಿದ್ದರೆ?" ಎಂದು ಕೇಳಿದ. 2005ರ ಮೂರನೆಯ ತಲೆಮಾರಿನ ಎಂಎಕ್ಸ್-5ರಲ್ಲಿ ಮಾಡಿದ್ದು ಅದನ್ನೇ ಎಂದೆ.

ಅವನ ತಂದೆ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದರು. ಬೈಯಬಹುದೆಂದುಕೊಂಡೆ. ಹತ್ತಿರ ಬಂದು ಮೆಲ್ಲಗೆ, "ಮೇಷ್ಟ್ರೇ, ಅದು ಲೀಟರಿಗೆ ಎಷ್ಟು ಕೊಡುತ್ತೆ?" ಎಂದರು. ಆ ಕಾಲಮ್ಮು ನನಗೂ ಮರೆತುಹೋಗಿತ್ತು.