ಹೊಳೆದಂಡೆಯ ಹೆಂಚಿನ ಕೇರಿ

ಮಂಗಳೂರು ಹೆಂಚನ್ನು ಅರಿಯದವರಾರು? 1865ರಲ್ಲಿ ಬಾಸೆಲ್ ಮಿಷನ್ನಿನವರು ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಮುಂದೆ ಹೊಳೆಯ ಬದಿಯಲ್ಲಿ ಒಂದೊಂದಾಗಿ ಚಿಮಣಿಗಳೆದ್ದವು. ಅವುಗಳ ನೆರಳಿನಲ್ಲಿ ನಮ್ಮಂಥವರ ಕೇರಿಗಳು ಬೆಳೆದವು.

ಕಾರ್ಖಾನೆಯ ಕೂಗೇ ನಮ್ಮ ಕೇರಿಯ ಗಡಿಯಾರ. ದೋಣಿಯಲ್ಲಿ ಬಂದ ಆವೆಮಣ್ಣನ್ನು ತಾಯಂದಿರು ಬುಟ್ಟಿಗಳಲ್ಲಿ ಹೊರುವರು. ತಂದೆಯಂದಿರು ಆವಿಗೆಯ ಬೆಂಕಿಯೆದುರು ದುಡಿಯುವರು. ಮಕ್ಕಳಾದ ನಾವು ಒಡೆದ ಹೆಂಚಿನ ಚೂರುಗಳನ್ನು ಪೇರಿಸಿ ಲಗೋರಿಯಾಡುವೆವು. ಆ ಹೆಂಚು ಹಡಗನ್ನೇರಿ ಸಿಂಹಳಕ್ಕೂ ಪೂರ್ವ ಆಫ್ರಿಕಕ್ಕೂ ಹೋಗುತ್ತಿತ್ತು. ನಮ್ಮ ಮನೆಗೆ ಮಾತ್ರ ತೆಂಗಿನ ಮಡಲಿನ ಮಾಡು.

ಒಂದು ವರ್ಷ ತಂದೆಯವರು ಬಣ್ಣಗೆಟ್ಟ, ಕಡಮೆ ದರ್ಜೆಯ ಹೆಂಚುಗಳನ್ನು ಕೊಂಡು ಹೊದಿಸಿದರು. ಮೊದಲ ಮಳೆಯ ರಾತ್ರಿ ತಾಯಿ ಅಭ್ಯಾಸಬಲದಿಂದ ಪಾತ್ರೆಗಳನ್ನು ಜೋಡಿಸಿ ಕುಳಿತರು. ಬೆಳಗಿನವರೆಗೆ ಒಂದು ಹನಿಯೂ ಬೀಳಲಿಲ್ಲ. ಅವರಿಗೆ ನಿದ್ರೆಯೂ ಬರಲಿಲ್ಲ.

ಕಾಂಕ್ರೀಟಿನ ತಾರಸಿಗಳು ಬಂದು ಹೆಂಚಿನ ಬೇಡಿಕೆ ಕುಗ್ಗಿತು. ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ನಮ್ಮ ಕೇರಿಯಿದ್ದೆಡೆ ಇಂದು ಬಹುಮಹಡಿಯ ಮನೆಗಳು. ಹಳೆಯ ಹೆಂಚೊಂದು ಕೈಗೆ ಸಿಕ್ಕರೆ ಓದುಗರು ಒಮ್ಮೆ ತಿರುವಿ ನೋಡಲಿ. ಕಾರ್ಖಾನೆಯ ಹೆಸರು ಅಚ್ಚೊತ್ತಿರುತ್ತದೆ. ಮಣ್ಣು ಹೊತ್ತವರ ಹೆಸರನ್ನು ನೆನಪಿಡುವ ಕೆಲಸ ಮಕ್ಕಳಾದ ನಮ್ಮ ಪಾಲಿಗೆ ಉಳಿದಿದೆ.