ರಿಮೋಟ್ ಯಾರ ಕೈಲಿ, ಬಂಡೆ ಯಾರ ತಲೆ ಮೇಲೆ?

2022ರ ಮಾರ್ಚ್ 4ರಂದು ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯಲ್ಲಿ ಕಲ್ಲು ಕ್ವಾರಿ ಕುಸಿದು ಮೂವರು ಕಾರ್ಮಿಕರು ಸತ್ತರು. ಉತ್ತರ ಪ್ರದೇಶದಿಂದ ಕೂಲಿಗೆ ಬಂದಿದ್ದವರು. ಮೂರೇ ದಿನಕ್ಕೆ, ಮಾರ್ಚ್ 7ರಂದು, ತೆಲಂಗಾಣದಲ್ಲಿ ಸಿಂಗರೇಣಿ ಕಂಪನಿಯ ಅಡ್ರಿಯಾಲ ಕಲ್ಲಿದ್ದಲು ಗಣಿಯ ಛಾವಣಿ ಬಿತ್ತು. ಅಲ್ಲೂ ಮೂವರು.

ಅಡ್ರಿಯಾಲ ಮಾಮೂಲಿ ಗಣಿಯಲ್ಲ. ಅಲ್ಲಿರುವುದು ಲಾಂಗ್‌ವಾಲ್ ತಂತ್ರಜ್ಞಾನ: ಶಿಯರರ್ ಯಂತ್ರ ಕಲ್ಲಿದ್ದಲಿನ ಗೋಡೆಯನ್ನು ಉದ್ದಕ್ಕೂ ಕೊರೆಯುತ್ತಾ ಹೋಗುತ್ತದೆ, ಹೈಡ್ರಾಲಿಕ್ ಆಸರೆಗಳು ಮೇಲ್ಛಾವಣಿಯನ್ನು ಹೊತ್ತುಕೊಂಡೇ ಹಿಂದೆ ಹಿಂದೆ ಸರಿಯುತ್ತವೆ. ಆಸ್ಟ್ರೇಲಿಯಾ ಇನ್ನೂ ಮುಂದೆ ಹೋಗಿದೆ. ನೆಲದಡಿ ಜಿಪಿಎಸ್ ಸಿಗಲ್ಲ. ಹಾಗಾಗಿ ಅಲ್ಲಿನ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒ, ವಿಮಾನಗಳಲ್ಲಿ ಬಳಸುವಂಥ ಗೈರೋಸ್ಕೋಪನ್ನು ಶಿಯರರ್‌ಗೆ ಅಳವಡಿಸಿ ಅದು ಎಲ್ಲಿದೆ ಎಂದು ಪತ್ತೆ ಹಚ್ಚುವ ವ್ಯವಸ್ಥೆ ಮಾಡಿತು. ಈಗ ಮೇಲೆ ಕೂತೇ ಯಂತ್ರ ಓಡಿಸಬಹುದು.

ಎಂಜಿನಿಯರಿಂಗ್ ಓದಿದವನಾಗಿ ನನಗೆ ಇದು ಖುಷಿ ಕೊಡುತ್ತೆ. ಆದರೆ ಪ್ರಶ್ನೆ ಅಲ್ಲಿಗೇ ಮುಗಿಯಲ್ಲ. ಕೊರೆಯುವ ಕೆಲಸ ಯಂತ್ರಕ್ಕೆ ಹೋದರೂ ಅದು ಸಾಗುವ ದಾರಿ ತೋಡುವುದು, ಛಾವಣಿಗೆ ಬೋಲ್ಟ್ ಹೊಡೆಯುವುದು, ಕೆಟ್ಟದ್ದನ್ನು ರಿಪೇರಿ ಮಾಡುವುದಕ್ಕೆ ಮನುಷ್ಯರೇ ಇಳಿಯಬೇಕು. ಅಡ್ರಿಯಾಲದಲ್ಲಿ ಸತ್ತವರಲ್ಲಿ ಸುರಕ್ಷತಾ ಅಧಿಕಾರಿಯೂ ಇದ್ದರು, ಗುತ್ತಿಗೆ ಕಾರ್ಮಿಕರೊಬ್ಬರೂ ಇದ್ದರು.

ಆಟೊಮೇಷನ್ ಮೊದಲು ಬರುವುದು ಅಪಾಯ ಹೆಚ್ಚಿರುವ ಜಾಗಕ್ಕಲ್ಲ, ಉತ್ಪಾದನೆ ಹೆಚ್ಚುವ ಜಾಗಕ್ಕೆ. ನಮ್ಮ ಚಾಮರಾಜನಗರ, ಉಡಿಗಾಲ, ಗುಂಡ್ಲುಪೇಟೆ ಸೀಮೆಯನ್ನೇ ನೋಡಿ. ಬಂಡೆ ಎತ್ತಲು ಹಿಟಾಚಿ ಬಂದಿದೆ, ಸಾಗಿಸಲು ಟಿಪ್ಪರ್ ಬಂದಿದೆ. ಗುಡ್ಡದ ಮೈ ಕೂದಲೆಳೆಯಷ್ಟು ಜರುಗಿದರೂ ಎಚ್ಚರಿಸುವ ರೇಡಾರ್ ದೇಶದ ದೊಡ್ಡ ತೆರೆದ ಗಣಿಗಳಲ್ಲಿದೆ. ಸಣ್ಣ ಕ್ವಾರಿಗೆ ಅದನ್ನು ಯಾರು ತರುತ್ತಾರೆ? ಅಷ್ಟೇಕೆ, ಗಣಿಯ ಗೋಡೆಯನ್ನು ಮೆಟ್ಟಿಲಾಗಿಯೋ ಇಳಿಜಾರಾಗಿಯೋ ಭದ್ರ ಮಾಡಬೇಕು ಎಂದು 1961ರ ನಿಯಮಾವಳಿಯೇ ಹೇಳಿದೆ. ಅದಕ್ಕೆ ಸೆನ್ಸರೂ ಬೇಡ, ಸಾಫ್ಟ್‌ವೇರೂ ಬೇಡ.

ಕರ್ನಾಟಕಕ್ಕೆ ಇದು ಹೊಸ ಪಾಠವೂ ಅಲ್ಲ. 2001ರಲ್ಲಿ ಮುಚ್ಚಿದ ಕೆಜಿಎಫ್‌ನಲ್ಲಿ ಮೂರು ಕಿಲೋಮೀಟರ್‌ಗೂ ಆಳದಲ್ಲಿ ಬಂಡೆ ಸಿಡಿದು ಎಷ್ಟೋ ಜನ ಸತ್ತರು. ಅದೇ ಊರಿನಲ್ಲಿ ಬಿಇಎಂಎಲ್ ಇಂದಿಗೂ ಗಣಿ ಯಂತ್ರ ತಯಾರಿಸುತ್ತಿದೆ. ಯಂತ್ರ ಮಾಡುವ ಶಕ್ತಿ ನಮಗಿದೆ. ಅದು ಮೊದಲು ಯಾರನ್ನು ಕಾಯಬೇಕು ಅನ್ನುವುದು ರಾಜಕೀಯ ತೀರ್ಮಾನ.

ಹಾಗಾಗಿ ಕ್ವಾರಿ ಲೀಸ್ ನವೀಕರಣಕ್ಕೆ ಬಂದಾಗ ಎಷ್ಟು ಟನ್, ಎಷ್ಟು ರಾಯಧನ ಅಂತ ಮಾತ್ರ ಕೇಳಿದರೆ ಸಾಲದು. ಗೋಡೆಯ ಕೆಳಗೆ ಯಾರು ನಿಂತಿರುತ್ತಾರೆ, ಅವರ ಹೆಸರು ಹಾಜರಿ ಪುಸ್ತಕದಲ್ಲಿದೆಯಾ ಅಂತಲೂ ಕೇಳಬೇಕು. ಆಮೇಲೆ ರಿಮೋಟ್ ಬಗ್ಗೆ ಮಾತಾಡೋಣ.