ಓಡುವುದು ಸರಿ, ನಿಲ್ಲುವುದು?

ಅಮೆರಿಕದಲ್ಲಿ 1964ರ ಪಾಂಟಿಯಾಕ್ ಜಿ.ಟಿ.ಓ. ಕಾರನ್ನು ಹೊಸದಾಗಿ ಕೊಂಡವರು ಮೊದಲ ಸವಾರಿ ಮುಗಿಸಿ ಇಳಿದರೆ ಮಾತೆಲ್ಲ ಎಂಜಿನ್ನಿನದೇ. ತಪ್ಪೇನಿಲ್ಲ. ಮಧ್ಯಮ ಗಾತ್ರದ ಕಾರಿಗೆ 6.4 ಲೀಟರಿನ, ಅಂದಿನ ಲೆಕ್ಕದಲ್ಲಿ 325 ಅಶ್ವಶಕ್ತಿಯ ಎಂಜಿನ್ ಕೂರಿಸಿದರೆ, ಆಕ್ಸಿಲರೇಟರ್ ತುಳಿದ ಕೂಡಲೇ ಬೆನ್ನು ಸೀಟಿಗೆ ಅಂಟದೆ ಇನ್ನೇನಾದೀತು?

ಆದರೆ ಸ್ವಾಮಿ, ಓಡಿದ ಕಾರು ನಿಲ್ಲಲೂ ಬೇಕಲ್ಲ! ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು. ಮೇಲಿಂದ ಮೇಲೆ ಜೋರಾಗಿ ಒತ್ತಿದರೆ ಕಾದು ಹಿಡಿತ ಬಿಡುತ್ತವೆ. ಬ್ರೇಕಿನ ಎಣ್ಣೆಗೆ ಇರುವುದು ಒಂದೇ ದಾರಿ. ಎಲ್ಲೋ ಒಂದು ಕಡೆ ಸೋರಿತೋ, ನಾಲ್ಕೂ ಹೋದವು. ಎರಡು ದಾರಿಯ ಏರ್ಪಾಡು ಈ ಕಾರಿಗೆ ಬಂದದ್ದು 1967ರ ಮಾದರಿಯಲ್ಲಿ.

'ಮೂಲರೂಪ ಕೆಡಿಸಬೇಡಿ, ಬೆಲೆ ಬಿದ್ದೀತು' ಅಂತಾರೆ ಸಂಗ್ರಹಕಾರರು. ಪ್ರದರ್ಶನಕ್ಕೆ ನಿಲ್ಲಿಸುವ ಕಾರಿಗೆ ಈ ಮಾತು ಒಪ್ಪೋಣ. ರಸ್ತೆಗೆ ಇಳಿಸುವುದಾದರೆ ಖಂಡಿತ ಒಪ್ಪಲಾಗದು. ಅಡ್ಡ ಬಂದ ಮಗುವಿಗೆ ನಿಮ್ಮ ಮೂಲರೂಪ ಕಟ್ಟಿಕೊಂಡು ಏನಾಗಬೇಕು? ಹಳೆಯ ಬ್ರೇಕು ಬಿಚ್ಚಿ ಜೋಪಾನವಾಗಿ ಎತ್ತಿಡಿ. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು, ಜೊತೆಗೆ ಜೋಡಿ ದಾರಿಯ ಮಾಸ್ಟರ್ ಸಿಲಿಂಡರು ಹಾಕಿಸಿ. ಮಾರುವಾಗ ಬೇಕಾದರೆ ಹಳೆಯದನ್ನೇ ಮತ್ತೆ ಕೂರಿಸಬಹುದು. ಹೋದ ಜೀವವನ್ನು ಹಾಗೆ ಕೂರಿಸಲಾಗದು.